ಚಳಿ ಉಳಿದಿದ್ದ ಬೀದಿ

ನಮ್ಮ ಊರಿನಲ್ಲಿ ಚಳಿ ಇದ್ದದ್ದು ಒಂದೇ ಬೀದಿಯಲ್ಲಿ. ಉಳಿದ ಊರೆಲ್ಲ ವರ್ಷವಿಡೀ ಕಾದ ಹೆಂಚಿನ ಹಾಗಿರುತ್ತಿತ್ತು. ಮಳೆಗಾಲದಲ್ಲಿ ಕಾವು ಒಂದಿಷ್ಟು ಇಳಿಯುತ್ತಿತ್ತೇ ಹೊರತು ನೆಲ ತಣ್ಣಗಾಗುತ್ತಿರಲಿಲ್ಲ. ಆದರೆ ಮಾರ್ಕೆಟ್ಟಿನ ಹಿಂದೆ, ಎಣ್ಣೆ ಗಿರಣಿಯ ಪಕ್ಕದ ತಿರುವು ದಾಟಿದ ಕೂಡಲೇ ಕಿವಿ ತಣ್ಣಗಾಗುತ್ತಿತ್ತು, ಮಾತಾಡಿದರೆ ಬಾಯಿಂದ ಹಬೆ ಬರುತ್ತಿತ್ತು. ಬಿಸಿಲೇರಿದ ಮೇಲೂ ಅಲ್ಲಿನ ಬಾಗಿಲುಗಳ ಮೇಲೆ ಇಬ್ಬನಿ ಕೂತಿರುತ್ತಿತ್ತು. ಆ ಬೀದಿಯವರು ಮಾರ್ಕೆಟ್ಟಿಗೆ ಬರುವಾಗ ತಿರುವಿನಲ್ಲಿ ನಿಂತು ಸ್ವೆಟರ್ ಬಿಚ್ಚಿ ಗೋಡೆಯ ಗೂಟಕ್ಕೆ ತಗುಲಿಹಾಕಿ ಬರುತ್ತಿದ್ದರು, ಹಿಂದಿರುಗುವಾಗ ಹಾಕಿಕೊಳ್ಳುತ್ತಿದ್ದರು. ಗೂಟದ ಮೇಲಿನ ಸ್ವೆಟರನ್ನು ಯಾರೂ ಕದಿಯುತ್ತಿರಲಿಲ್ಲ. ಕದ್ದು ಬೇರೆಲ್ಲಿ ಹಾಕಿಕೊಳ್ಳುವುದು?

ಆ ಚಳಿ ಮನುಷ್ಯರ ಮೈಶಾಖಕ್ಕೆ ಸವೆಯುತ್ತಿತ್ತು. ಸವೆದದ್ದು ಮತ್ತೆ ಬರುತ್ತಿರಲಿಲ್ಲ. ಯಾರದೋ ಮದುವೆಗೆ ಬೀದಿ ತುಂಬ ಜನ ಸೇರಿದ ವರ್ಷ, ಎರಡೂ ತುದಿಯ ಮನೆಗಳಿಂದ ಚಳಿ ಒಳಕ್ಕೆ ಸರಿದುಹೋಯಿತು. ಆ ಮನೆಗಳವರು ಕಂಬಳಿಗಳನ್ನು ಟ್ರಂಕಿನಲ್ಲಿಟ್ಟು ಫ್ಯಾನ್ ಕೊಂಡು ತಂದರು. ಅಂದಿನಿಂದ ಬೀದಿಯವರು ಎಚ್ಚರವಾದರು. ಮದುವೆ ಮುಂಜಿಗಳನ್ನು ಹೊರಗೆ ಛತ್ರದಲ್ಲಿ ಮಾಡುತ್ತಿದ್ದರು. ಆಡಿ ಬೆವತು ಬಂದ ಮಕ್ಕಳು ಮೈ ಆರುವ ತನಕ ತಿರುವಿನಲ್ಲಿ ನಿಲ್ಲಬೇಕಿತ್ತು. ನೆಂಟರು ಬಂದರೆ ಕಾಫಿ ಕೊಟ್ಟು, ಲೋಟ ಕೆಳಗಿಡುವ ಹೊತ್ತಿಗೆ "ಹೊರಟಿರಾ?" ಎಂದು ಕೇಳುತ್ತಿದ್ದರು. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ನನ್ನ ಗೆಳತಿ ಮಂದಾಕಿನಿ ಆ ಬೀದಿಯವಳು. ಚಳಿ ಇನ್ನೂ ಉಳಿದಿದ್ದ ಮನೆಗಳ ಸಾಲಿನಲ್ಲಿ ಅವಳದೇ ತುದಿಯದು. ಅವಳ ಅಮ್ಮ ಅಂಬುಜಮ್ಮನವರಿಗೆ ಹರೆಯದಲ್ಲಿ ಒಂದು ಜ್ವರ ಬಂದು ಹೋದ ಮೇಲೆ ಮೈ ಬೆವರುವುದೇ ನಿಂತುಹೋಗಿತ್ತು. ಬಿಸಿಲಿಗೆ ಬಂದರೆ ಶಾಖ ಒಳಗೇ ಉಳಿದು, ಕಣ್ಣು ಮೇಲಾಗಿ, ಬಿದ್ದುಬಿಡುತ್ತಿದ್ದರು. ಅವರ ಗಂಡ, ಬದುಕಿದ್ದಾಗ, ಎಲ್ಲ ಮಾರಿ ಈ ಮನೆ ಹಿಡಿದದ್ದು ಅದಕ್ಕೇ. ದೂರದ ಬೆಟ್ಟದ ಊರಿಗೆ ಸಾಗಿಸಲು ಒಮ್ಮೆ ಹೊರಟು, ದಾರಿಯಲ್ಲೇ ಪ್ರಾಣ ಹೋಗುವ ಹಾಗಾಗಿ ವಾಪಸು ಕರೆತಂದಿದ್ದರು. ಎ.ಸಿ. ಹಾಕಿಸೋಣವೆಂದರೆ ನಮ್ಮ ಊರಿನ ಕರೆಂಟು ಬಿಸಿಲೇರುವ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು. ಹೀಗೆ ಆ ಒಂದು ಬೀದಿಯಲ್ಲೇ ಅವರ ಬದುಕು. ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದರು. ನಾನು ಅವರನ್ನು ಅಂಬುಜತ್ತೆ ಎನ್ನುತ್ತಿದ್ದೆ. ಮಂದಾ ಜತೆ ಓದಲು ಹೋಗಿ ಎಷ್ಟು ಹೊತ್ತು ಕೂತರೂ ಅತ್ತೆ ನನಗೆ ಒಂದು ಸಲವೂ "ಹೊರಟೆಯಾ?" ಎಂದು ಕೇಳಿದವರಲ್ಲ.

ನಾವಿಬ್ಬರೂ ಊರಿನ ಕಾಲೇಜಿನಲ್ಲಿ ಹವಾಮಾನ ನೀತಿಯ ಎಂ.ಎ. ಓದುತ್ತಿದ್ದೆವು. ಹೊಸ ವಿಭಾಗ. ಹಳೆಯ ಭೂಗೋಳದ ಕೋಣೆಯಲ್ಲೇ ತರಗತಿ, ಗೋಡೆಗೆ ಮಾಸಿದ ನಕ್ಷೆಗಳು. ನಾವು ಓದುತ್ತಿರುವುದು ಏನೆಂದು ಮನೆಯವರಿಗೆ ಸರಿಯಾಗಿ ತಿಳಿದಿರಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮಪ್ಪ "ನನ್ನ ಮಗಳು ನಳಿನಾಕ್ಷಿ ಹವಾಮಾನ ಓದ್ತಿದ್ದಾಳೆ" ಎಂದು ಎಲ್ಲರ ಹತ್ತಿರ ಹೇಳಿಕೊಂಡು, ಸಂಜೆ ಮನೆಗೆ ಬಂದು "ಮಳೆ ಯಾವಾಗಮ್ಮ?" ಎಂದು ನನ್ನನ್ನೇ ಕೇಳುತ್ತಿದ್ದರು. ಅದು ಬೇರೆ, ಇದು ಬೇರೆ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ "ಮುಂದಿನ ವಾರ ಅಪ್ಪಾ" ಎಂದುಬಿಡುತ್ತಿದ್ದೆ.

ತರಗತಿಯಲ್ಲಿ ಎಲ್ಲರ ಕಣ್ಣೂ ರಾಜಧಾನಿಯ ಹವಾಮಾನ ಮಂಡಳಿಯ ಮೇಲೆ. ಆ ಮಂಡಳಿ ಪ್ರತಿವರ್ಷ ಹೊಸದಾಗಿ ಓದು ಮುಗಿಸಿದ ಕೆಲವರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ನಮ್ಮ ಮೇಷ್ಟ್ರು ಯಶೋಧರ ಸರ್ ಎಲ್ಲರೆದುರೇ "ನಮ್ಮಿಂದ ಮಂದಾಕಿನಿ ಹೋಗ್ತಾಳೆ, ಅನುಮಾನವೇ ಇಲ್ಲ" ಎನ್ನುತ್ತಿದ್ದರು. ನಮಗೆ ಹೊಟ್ಟೆಕಿಚ್ಚಾಗುತ್ತಿರಲಿಲ್ಲ. ಅವಳ ಯೋಚನೆಯೇ ಬೇರೆ ಥರ. ಮುಳುಗುತ್ತಿರುವ ಯಾವುದೋ ದ್ವೀಪದ ಜನರನ್ನು ಎಬ್ಬಿಸಿ ಬೇರೆಡೆಗೆ ಸಾಗಿಸುವ ಯೋಜನೆಯನ್ನು ನಾವು ಮೆಚ್ಚಿಕೊಂಡು ಓದುತ್ತಿದ್ದರೆ ಅವಳು, "ಸರ್, ಇದನ್ನ ಅಲ್ಲಿ ಯಾರ ಮುಖ ನೋಡ್ಕೊಂಡು ಓದಿ ಹೇಳಿದ್ರು?" ಎಂದು ಕೇಳುತ್ತಿದ್ದಳು. ಸರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ನಮ್ಮ ಕೊನೆಯ ವರ್ಷದ ಬೇಸಿಗೆ ಹಿಂದೆಂದೂ ಇಲ್ಲದ ಹಾಗೆ ಬಂತು. ಕಾಗೆಗಳು ಮರದಿಂದ ಬಿದ್ದವು. ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಿಗೆ ಮೈ ಕಾದು, ಮೊಲೆ ಹಿಡಿಯದೆ, ಅಳುವುದನ್ನೂ ನಿಲ್ಲಿಸಿ ಮಲಗಿಬಿಡುವ ಹಾಗಾಯಿತು. ಮೊದಲ ಮಗು ಸತ್ತಾಗ ಅದರ ಹಣೆಬರಹ ಎಂದರು. ಆಮೇಲೆ ಒಂದರ ಹಿಂದೆ ಒಂದು ಹೋಗತೊಡಗಿದಾಗ ಬಾಣಂತಿಯರ ಮನೆಯವರು ಪುರಸಭೆಯ ಮುಂದೆ ಬಂದು ಕೂತರು. "ಚಳಿ ಬೀದಿ ಇರೋದು ಯಾರಿಗೆ?" ಎಂದು ಕೂಗಿದರು.

ಪುರಸಭೆಯವರಿಗೆ ಯಾವ ಕಡೆ ಹೇಳಿದರೂ ಕಷ್ಟ. ನಿರ್ಧಾರ ತಮ್ಮ ಮೇಲೆ ಬರಬಾರದೆಂದು ಅದನ್ನು ನಮ್ಮ ವಿಭಾಗಕ್ಕೆ ದಾಟಿಸಿದರು. ಓದುತ್ತಿರುವುದು ಇದನ್ನೇ ಅಲ್ಲವೇ, ವಿದ್ಯಾರ್ಥಿಗಳೇ ಮನೆಮನೆಗೆ ಹೋಗಿ ನೋಡಿ ಒಂದು ಶಿಫಾರಸು ಬರೆಯಲಿ, ಅದರಂತೆ ನಡೆಯುತ್ತೇವೆ ಎಂದರು. ಯಶೋಧರ ಸರ್ ಆ ಕೆಲಸವನ್ನು ನನಗೂ ಮಂದಾಗೂ ಕೊಟ್ಟರು.

ಅವತ್ತು ಕಾಲೇಜಿನ ಮೆಟ್ಟಿಲ ಮೇಲೆ ಮಂದಾ ನನ್ನನ್ನು ಕೂರಿಸಿಕೊಂಡಳು.

"ನಳಿನಾ, ನಾನು ಇದರಲ್ಲಿ ಇರಲ್ಲ ಕಣೇ. ಸರ್‌ಗೆ ಹೇಳಿ ಬಂದೆ."

"ಯಾಕೆ ಅಂತ ಕೇಳಲ್ಲ."

"ಕೇಳು. ನಾನು ಬರೆದ್ರೆ ಅಮ್ಮನ್ನ ಉಳಿಸಿಕೊಳ್ಳೋ ಹಾಗೇ ಬರೀತೀನಿ. ಅದಕ್ಕೆ ಬೇಕಾದ ಕಾರಣ ಎಲ್ಲ ನನಗೆ ಗೊತ್ತು, ಚೆನ್ನಾಗೇ ಬರೀತೀನಿ. ಯಾರಿಗೂ ಅನುಮಾನ ಬರಲ್ಲ." ಆಮೇಲೆ, "ನೀನು ಬರಿ. ನನ್ನ ಮುಖ ನೋಡಿ ಬರೀಬೇಡ" ಎಂದಳು.

ನಾನು ಆ ವಾರವೆಲ್ಲ ಆಸ್ಪತ್ರೆಗೂ ಚಳಿ ಬೀದಿಗೂ ಓಡಾಡಿದೆ. ಆಸ್ಪತ್ರೆಯ ವರಾಂಡದಲ್ಲಿ ತಾಯಂದಿರು ಒದ್ದೆ ಸೆರಗಿನಿಂದ ಮಕ್ಕಳಿಗೆ ಗಾಳಿ ಹಾಕುತ್ತ ಕೂತಿದ್ದರು. ಒಬ್ಬಳು ನನ್ನನ್ನು ಡಾಕ್ಟರ್ ಎಂದುಕೊಂಡು ಮಗುವನ್ನು ನನ್ನ ಕೈಗೇ ಹಾಕಿಬಿಟ್ಟಳು. ಅದರ ಬೆನ್ನು ಸುಡುತ್ತಿತ್ತು. ನಾನು ಡಾಕ್ಟರ್ ಅಲ್ಲ ಎಂದು ಹೇಳಿ ಅದನ್ನು ಅವಳಿಗೆ ಹಿಂದಿರುಗಿಸಲಾಗದೆ ಬಹಳ ಹೊತ್ತು ನಿಂತಿದ್ದೆ.

ಬೀದಿಯಲ್ಲಿ ಮಾತು ಬೇರೆ ಇತ್ತು. ಬೀದಿಯ ನಟ್ಟನಡುವಿನ ಮನೆಯಲ್ಲಿ ಕಂಬಳಿ ಅಂಗಡಿ ಇಟ್ಟಿದ್ದ ಗುರುಸಿದ್ದಪ್ಪನವರು ನನ್ನನ್ನು ಒಳಗೆ ಕರೆಯಲಿಲ್ಲ.

"ಏನಮ್ಮಾ, ನೀನೇನಾ ಬರೆಯೋಳು? ಇಷ್ಟು ವರ್ಷ ನಮ್ಮ ಮಕ್ಕಳ ಮದುವೇನ ಹೊರಗೆ ಮಾಡಿದೀವಿ, ನೆಂಟರನ್ನ ಹೊರಗೆ ಹಾಕಿದೀವಿ. ನಮ್ಮಪ್ಪನ ಹೆಣಾನೂ ಒಳಗೆ ಇಟ್ಕೊಳ್ಳಲಿಲ್ಲ, ಜನ ಸೇರ್ತಾರೆ ಅಂತ. ಈಗ ಊರೆಲ್ಲ ಬಂದು ಮಲಗಿದ್ರೆ ಒಂದು ಬೇಸಿಗೇಲಿ ಮುಗಿದುಹೋಗುತ್ತೆ. ಮುಂದಿನ ಬೇಸಿಗೆ ಕೂಸುಗಳಿಗೆ ಏನು ಮಾಡ್ತೀಯ?"

ಅವರು ಹೇಳಿದ್ದು ಸುಳ್ಳಲ್ಲ. ಮುಂದಿನ ಬೇಸಿಗೆಯ ಕೂಸುಗಳು ಇನ್ನೂ ಹುಟ್ಟಿರಲಿಲ್ಲ, ಈ ಬೇಸಿಗೆಯ ಕೂಸಿನ ಬೆನ್ನು ನನ್ನ ಅಂಗೈಯಲ್ಲಿ ಇನ್ನೂ ಸುಡುತ್ತಿತ್ತು. ಅಷ್ಟೇ ನನಗೆ ಗೊತ್ತಿದ್ದದ್ದು.

ಕೊನೆಗೆ ಮಂದಾ ಮನೆಗೆ ಹೋದೆ. ಅವಳು ಇರಲಿಲ್ಲ, ನಾನು ಬರುತ್ತೇನೆಂದು ತಿಳಿದೇ ಎದ್ದುಹೋಗಿದ್ದಿರಬೇಕು. ಅಂಬುಜತ್ತೆ ಕೌದಿಯ ಮೇಲೆ ಬಾಗಿದ್ದರು. ನಾನು ಬೇರೆ ಮನೆಗಳಲ್ಲಿ ಹೇಳಿದ್ದನ್ನೇ ಅವರಿಗೂ ಹೇಳಿದೆ. ಬಾಣಂತಿಯರು, ಮಕ್ಕಳು ಬಂದರೆ ಚಳಿ ತುದಿಗಳಿಂದ ಸವೆಯುತ್ತದೆ, ತುದಿಯ ಮನೆಗಳಿಗೆ ಮೊದಲು ಬಿಸಿ ತಟ್ಟುತ್ತದೆ ಎಂದೆ. ಹೇಳುತ್ತ ಅವರ ಮುಖವನ್ನೇ ನೋಡಿದೆ, ನೋಡಲೇಬೇಕು ಅನ್ನಿಸಿತು.

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ನನಗೆ ಸಾಯೋಕೆ ಇಷ್ಟ ಇಲ್ಲ ಕಣೇ" ಎಂದರು. "ಇವಳ ಮದುವೆ ನೋಡ್ಬೇಕು, ಮೊಮ್ಮಕ್ಕಳನ್ನ ಎತ್ತಬೇಕು ಅಂತೇನಲ್ಲ. ಸುಮ್ನೆ ಬದುಕಬೇಕು ಅಂತ ಆಸೆ. ಬೆಳಿಗ್ಗೆ ಎದ್ದು ಕಾಫಿ ಕುಡೀಬೇಕು, ಹೊಲೀಬೇಕು, ಅಷ್ಟೇ."

ನಾನು ತಲೆ ತಗ್ಗಿಸಿದೆ.

"ಆ ಕೂಸುಗಳು ಬೇಡ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ಬರಲಿ ಅಂತಾನೂ ಹೇಳಿಸ್ಬೇಡ. ಎರಡೂ ನನ್ನ ಕೈಲಾಗಲ್ಲ. ನೀನು ಓದಿದೋಳು, ನೀನೇ ಏನಾದ್ರೂ ಬರಿ." ಆಮೇಲೆ ಎದ್ದು ಕಾಫಿ ಮಾಡಿಕೊಟ್ಟರು. ನಾನು ಕುಡಿದೆ. ನನ್ನ ಮೈಶಾಖ ಆ ಮನೆಗೆ ತಾಗುತ್ತಿದೆ ಎಂಬುದು ಅವತ್ತು ಮೊದಲ ಬಾರಿಗೆ ಗಮನಕ್ಕೆ ಬಂದು, ಅರ್ಧ ಲೋಟ ಬಿಟ್ಟು ಎದ್ದೆ.

ನಾನು ಬರೆದೆ. ಮೈ ಕಾದ ಕೂಸುಗಳು ತಾಯಂದಿರ ಜತೆ ಬೀದಿಗೆ ಬರಬೇಕು, ಬೇರೆ ಯಾರೂ ಜತೆಗೆ ಬರಬಾರದು, ಚೇತರಿಸಿಕೊಂಡವರು ಬೇರೆಯವರಿಗೆ ಜಾಗ ಬಿಡಬೇಕು, ಆದರೆ ಮೈ ಕಾದಿರುವ ಮಗುವನ್ನು ಯಾವ ಕಾರಣಕ್ಕೂ ಹೊರಗೆ ಕಳಿಸಬಾರದು. ಅಂಬುಜಮ್ಮನವರನ್ನು ಮೊದಲೇ ನಡುಬೀದಿಯ ಮನೆಗೆ ಸೇರಿಸಬೇಕು, ಯಾಕೆಂದರೆ ಚಳಿ ಕೊನೆಗೆ ಉಳಿಯುವುದು ಅಲ್ಲಿ. ಮಳೆ ಹೊತ್ತಿಗೆ ಸರಿಯಾಗಿ ಬಂದರೆ ಎಲ್ಲರೂ ದಾಟಿಕೊಳ್ಳುತ್ತಾರೆ ಎಂದು ನಾನು ನಂಬಿದ್ದೆ. ಮಂದಾ ಅದನ್ನು ವಿಭಾಗದಲ್ಲಿ ನಿಂತೇ ಓದಿದಳು. ಓದಿ ನನ್ನ ಕೈಗೆ ಕೊಟ್ಟು, "ಒಂದು ಕಡೆ ಕಾಗುಣಿತ ತಪ್ಪಾಗಿದೆ, ನೋಡ್ಕೋ" ಎಂದಷ್ಟೇ ಹೇಳಿದಳು.

ನಡುಬೀದಿಯ ಮನೆ ಎಂದರೆ ಗುರುಸಿದ್ದಪ್ಪನವರದು. ನನಗೆ ಬಾಗಿಲು ತೆರೆಯದಿದ್ದವರು ಅಂಬುಜತ್ತೆಯ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಹೋದರು. "ಬಾ ತಂಗಿ, ಇದು ನಿನ್ನ ಅಣ್ಣನ ಮನೆ ಅಂದ್ಕೋ" ಎಂದು ಒಳಕೋಣೆ ಬಿಟ್ಟುಕೊಟ್ಟರು.

ಮಕ್ಕಳು ಬಂದವು. ಅಷ್ಟು ವರ್ಷ ಪಿಸುಮಾತಿನಲ್ಲಿ ಬದುಕಿದ್ದ ಬೀದಿಯಲ್ಲಿ ಜೋಗುಳ, ಅಳು, ತೊಟ್ಟಿಲ ಹಗ್ಗದ ಕಿರುಗುಟ್ಟುವಿಕೆ ತುಂಬಿಕೊಂಡಿತು. ತಿರುವು ದಾಟಿ ಬಂದ ಮೊದಲ ಕೂಸು ಒಂದು ಸಂಜೆಯೊಳಗೆ ಮೊಲೆ ಹಿಡಿಯಿತು. ಅದರ ತಾಯಿ ಬೀದಿಯ ಕಲ್ಲಿನ ಮೇಲೆ ಕೂತು ಅತ್ತಳು. ಬಾಗಿಲು ಹಾಕಿಕೊಂಡಿದ್ದವರು ಒಬ್ಬೊಬ್ಬರಾಗಿ ತೆರೆದರು. ಮುದುಕಿಯರು ಮಕ್ಕಳಿಗೆ ಟೋಪಿ ಹೆಣೆದರು. ಆ ಬೇಸಿಗೆ ಆ ಬೀದಿಗೆ ಬಂದ ಒಂದು ಮಗುವೂ ಸಾಯಲಿಲ್ಲ. ಇದನ್ನು ನಾನು ಹೇಳಲೇಬೇಕು.

ಚಳಿಯೂ ಸರಿಯುತ್ತ ಹೋಯಿತು. ಮಂದಾ ಮನೆಗೆ ಮೊದಲ ವಾರವೇ ಬಿಸಿ ಹತ್ತಿತು. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ತಾಯಂದಿರು ತೊಟ್ಟಿಲುಗಳನ್ನು ಎತ್ತಿಕೊಂಡು ನಡುವಿನ ಕಡೆಗೆ ಸರಿಯುತ್ತಿದ್ದರು. ನಾನು ದಿನವೂ ಅತ್ತೆಯನ್ನು ನೋಡಲು ಹೋಗಿ, ಹೊಸ್ತಿಲ ಹೊರಗೇ ನಿಂತು ಮಾತಾಡಿಸುತ್ತಿದ್ದೆ. ಅವರು ಚಿಕ್ಕಚಿಕ್ಕ ಕೌದಿಗಳನ್ನು ಹೊಲಿಯುತ್ತಿದ್ದರು.

ಒಂದು ದಿನ ಮಂದಾ ನೀರು ತರಲು ಹೋಗಿದ್ದಾಗ ನನ್ನನ್ನು ಹತ್ತಿರ ಕರೆದರು. "ಯಾರಿಗೂ ಹೇಳ್ಬೇಡ. ಕೂಸುಗಳು ಅತ್ತರೆ ನನಗೆ ಸಿಟ್ಟು ಬರುತ್ತೆ ನಳಿನಾ. ನನ್ನ ಚಳೀನ ಕುಡೀತಿವೆ ಅನ್ಸುತ್ತೆ. ಆಮೇಲೆ ನಾಚಿಕೆಯಾಗಿ ಇದನ್ನ ಹೊಲೀತೀನಿ." ಕೈಯಲ್ಲಿದ್ದ ಬಟ್ಟೆಯನ್ನು ತೋರಿಸಿ ನಗಲು ನೋಡಿದರು.

ಮಳೆ ತಡವಾಯಿತು. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಚಳಿ ಗುರುಸಿದ್ದಪ್ಪನವರ ಮನೆ ಮತ್ತು ಎದುರಿನ ಜಗಲಿಗಳಷ್ಟಕ್ಕೆ ಬಂದು ನಿಂತು, ಅಲ್ಲೂ ದಿನದಿನಕ್ಕೆ ತೆಳ್ಳಗಾಯಿತು. ಒಂದು ಮಧ್ಯಾಹ್ನ ಅತ್ತೆಯ ಕೆನ್ನೆ ಕೆಂಪಾಗಿ ಮಾತು ತೊದಲತೊಡಗಿತು. ನಾನು ಹೋದಾಗ ಮಂದಾ ಅವರ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಬಟ್ಟೆ ನೋಡನೋಡುತ್ತಲೇ ಒಣಗುತ್ತಿತ್ತು.

ಗುರುಸಿದ್ದಪ್ಪನವರು ಎದ್ದು ನಿಂತರು. "ಸಾಕು. ಎದುರಿನ ಜಗಲಿಯವರನ್ನ ಈಗಲೇ ಕಳಿಸ್ತೀನಿ. ಇಲ್ಲಿ ಒಂದು ಜೀವ ಹೋಗ್ತಿದೆ."

ಜಗಲಿಯಲ್ಲಿ ಅವತ್ತು ಬೆಳಿಗ್ಗೆ ತಾನೇ ತಂದ ಮಕ್ಕಳಿದ್ದವು. ಮೈ ಇನ್ನೂ ಆರಿರಲಿಲ್ಲ. ತಾಯಂದಿರು ಒಳಗಿನ ಮಾತು ಕೇಳಿಸಿಕೊಂಡು ಮಕ್ಕಳನ್ನು ಎದೆಗೊತ್ತಿಕೊಂಡು ಕೂತರು, ಒಬ್ಬರೂ ಏಳಲಿಲ್ಲ, ಒಬ್ಬರೂ ಬೇಡಿಕೊಳ್ಳಲಿಲ್ಲ.

ಮಂದಾ ತಿರುಗಿ ನನ್ನನ್ನು ನೋಡಿದಳು. ಅಷ್ಟು ದಿನ ಅವಳು ನನ್ನನ್ನು ಏನೂ ಕೇಳಿರಲಿಲ್ಲ. "ಹೇಳು ನಳಿನಾ. ಕಳಿಸಬಹುದಾ?"

ಅವಳಿಗೆ ಗೊತ್ತಿತ್ತು. ನಾನು ಬರೆದದ್ದನ್ನು ಅವಳು ಓದಿದ್ದಳು. ಆದರೂ ಕೇಳಿದಳು. ಒಂದು ಕ್ಷಣ ನಾನು ಇಲ್ಲಿ ಇಲ್ಲದೇ ಇದ್ದಿದ್ದರೆ ಎಂದುಕೊಂಡೆ.

"ಕಳಿಸೋ ಹಾಗಿಲ್ಲ ಮಂದಾ" ಎಂದೆ.

ಅವಳು ತಲೆಯಾಡಿಸಿದಳು. ಮತ್ತೆ ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದಳು. ಗುರುಸಿದ್ದಪ್ಪನವರು ನನ್ನ ಕಡೆ ನೋಡದೆ ಹೊರಗೆ ಹೋಗಿ ಅಂಗಡಿಯ ಬಾಗಿಲಲ್ಲಿ ಕೂತರು. ಅಂಬುಜತ್ತೆ ನನ್ನ ಮಾತು ಕೇಳಿಸಿಕೊಂಡರೋ ಇಲ್ಲವೋ, ನನಗೆ ಇವತ್ತಿಗೂ ತಿಳಿಯದು. ಅವರ ಕಣ್ಣು ತೆರೆದೇ ಇತ್ತು. ಹೊತ್ತು ಇಳಿಯುವ ಮೊದಲು ಹೋಗಿಬಿಟ್ಟರು.

ಬೀದಿಯ ಪದ್ಧತಿಯಂತೆ ಅವರನ್ನು ತಿರುವಿನಾಚೆ ಮಲಗಿಸಬೇಕಿತ್ತು. ಗುರುಸಿದ್ದಪ್ಪನವರು ಒಪ್ಪಲಿಲ್ಲ. ತಮ್ಮ ಪಡಸಾಲೆಯಲ್ಲೇ ಮಲಗಿಸಿದರು. ಜನ ಬಂದರು, ಬಾಣಂತಿಯರೂ ಬಂದರು, ಯಾರನ್ನೂ ಯಾರೂ ಹೊರಡಿರೆಂದು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಚಳಿ ಇರಲಿಲ್ಲ. ಎದುರಿನ ಜಗಲಿಗಳಲ್ಲಿ ಮಾತ್ರ ತೆಳ್ಳಗೆ ಉಳಿದಿತ್ತು. ಮಳೆ ಬರುವವರೆಗೆ ಅಷ್ಟೇ ಸಾಕಾಯಿತು. ಮಳೆ ಬಂದಾಗ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಮನೆಗಳಿಗೆ ಹೋದರು. ಆಮೇಲೆ ಆ ಬೀದಿಯೂ ಊರಿನ ಎಲ್ಲ ಬೀದಿಗಳ ಹಾಗಾಯಿತು. ಗುರುಸಿದ್ದಪ್ಪನವರು ಅಂಗಡಿ ಮುಚ್ಚಿದರು. ಮುಂದಿನ ಬೇಸಿಗೆಗೆ ಆಸ್ಪತ್ರೆಗೆ ದೊಡ್ಡ ಜನರೇಟರ್ ಬಂತು, ಆ ಕೂಸುಗಳ ಸಾವಿನ ಗದ್ದಲದಿಂದಲೇ ಬಂತು. ಆದರೂ ಎಲ್ಲ ಮಕ್ಕಳೂ ಉಳಿಯಲಿಲ್ಲ.

ರಾಜಧಾನಿಯ ಮಂಡಳಿ ನಮ್ಮ ವಿಭಾಗದಿಂದ ಇಬ್ಬರನ್ನು ಸಂದರ್ಶನಕ್ಕೆ ಕರೆಯಿತು, ಮಂದಾ ಮತ್ತು ನಾನು. ಅವಳು ಬರಲಿಲ್ಲ. ಯಶೋಧರ ಸರ್ ಮನೆಗೇ ಹೋಗಿ ಕೇಳಿಕೊಂಡರಂತೆ. "ಸರ್, ನನಗೆ ಆ ಕೆಲಸ ಮಾಡೋಕೆ ಬರುತ್ತೆ. ಆದ್ರೆ ನನ್ನಿಂದ ಆಗಲ್ಲ" ಎಂದಳಂತೆ. ನಾನು ಹೋದೆ. ಮೇಜಿನ ಆಚೆ ಕೂತವರು ನನ್ನ ಶಿಫಾರಸನ್ನು ಓದಿದ್ದರು. ಕಡಿಮೆ ಹಾನಿಯಲ್ಲಿ ಹೆಚ್ಚು ಜನರನ್ನು ಉಳಿಸಿದ ಮಾದರಿ ಯೋಜನೆ ಎಂದು ಒಬ್ಬರು ಹೊಗಳಿದರು. "ಹಾನಿ ಆದವರ ಹೆಸರು ಅಂಬುಜಮ್ಮ ಅಂತ" ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಕೆಲಸ ಸಿಕ್ಕಿತು. ಅಪ್ಪ ಡಿಪೋದಲ್ಲಿ ಎಲ್ಲರಿಗೂ ಸಿಹಿ ಹಂಚಿದರು.

ಅಂದಿನಿಂದ ಅದೇ ಕೆಲಸ ಮಾಡುತ್ತಿದ್ದೇನೆ. ಯಾವ ಊರನ್ನು ಎಬ್ಬಿಸಬೇಕು, ಯಾವ ಕೆರೆಯ ನೀರು ಯಾರಿಗೆ ಎಂದು ಬರೆಯುತ್ತೇನೆ. ಚೆನ್ನಾಗಿಯೇ ಬರೆಯುತ್ತೇನೆ ಅನ್ನುತ್ತಾರೆ. ಬರೆಯುವ ಮೊದಲು ಆ ಊರಿಗೆ ಹೋಗುತ್ತೇನೆ. ಹೋದಲ್ಲಿ ಕಾಫಿ ಕೊಟ್ಟರೆ ಬೇಡ ಎನ್ನುತ್ತೇನೆ.

ಮಂದಾ ಊರು ಬಿಟ್ಟು ಹೋದಳು ಎಂದು ಮಾತ್ರ ಗೊತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಕೆಲಸದ ಮೇಲೆ ಒಂದು ಸಣ್ಣ ಊರಿಗೆ ಹೋದಾಗ, ಅಲ್ಲಿನ ಹೈಸ್ಕೂಲಿನಲ್ಲಿ ಮಂದಾಕಿನಿ ಎಂಬ ಭೂಗೋಳದ ಟೀಚರ್ ಇದ್ದಾರೆಂದು ಯಾರೋ ಮಾತಿನ ನಡುವೆ ಹೇಳಿದರು. ಹೋದೆ. ಅವಳ ಕೂದಲು ನರೆತಿತ್ತು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. ಹುಣಸೆ ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆವು. ಅಪ್ಪ ಹೇಗಿದ್ದಾರೆ ಎಂದು ಕೇಳಿದಳು, ತೀರಿಹೋದರು ಎಂದೆ. ಮದುವೆಯಾಯಿತಾ ಎಂದು ನಾನು ಕೇಳಿದೆ, ಇಲ್ಲ ಎಂದಳು. ಮಕ್ಕಳು ಊಟದ ತಟ್ಟೆ ತೊಳೆಯುತ್ತ ಗಲಾಟೆ ಮಾಡುತ್ತಿದ್ದರು.

"ಮಂದಾ, ಒಂದು ಸಲ ಬೈದುಬಿಡು" ಎಂದೆ.

ಅವಳು ಮಕ್ಕಳ ಕಡೆಗೇ ನೋಡುತ್ತ ಹೇಳಿದಳು: "ನೀನು ತಪ್ಪು ಬರೆದಿದ್ದಿದ್ರೆ ಆವತ್ತೇ ಬೈತಿದ್ದೆ ಕಣೇ. ಜಗಳ ಆಡಿ, ಮಾತು ಬಿಟ್ಟು, ಆಮೇಲೆ ಕ್ಷಮಿಸಿ, ಮತ್ತೆ ಬಂದು ನಿನ್ನ ಪಕ್ಕ ಕೂತಿರ್ತಿದ್ದೆ. ತಪ್ಪು ಬರೀಲಿಲ್ಲ ನೀನು. ನಾನು ಬರೆದಿದ್ರೂ ಹಾಗೇ ಬರೀಬೇಕಿತ್ತು. ಇನ್ನೇನು ಅಂತ ಕ್ಷಮಿಸ್ಲಿ?"

ಗಂಟೆ ಹೊಡೆಯಿತು. ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ನನ್ನ ಭುಜದ ಮೇಲೆ ಕೈಯಿಡಲು ಬಂದವಳು, ಇಡದೆ, "ಬಿಸಿಲಿದೆ, ತಲೆಗೆ ಏನಾದ್ರೂ ಹಾಕ್ಕೊಂಡು ಹೋಗು" ಎಂದು ಹೇಳಿ ತರಗತಿಯ ಕಡೆ ನಡೆದಳು. ಮಕ್ಕಳು ಎದ್ದು ನಿಂತು "ನಮಸ್ತೇ ಟೀಚರ್" ಎಂದು ರಾಗವಾಗಿ ಹೇಳಿದ್ದು ಕೇಳಿಸಿತು. ಅವಳು ಅವತ್ತಿನ ಪಾಠ ಶುರುಮಾಡಿದಳು, ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಬೀಸುತ್ತದೆ ಎಂಬುದನ್ನು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಏನೋ ಪ್ರಶ್ನೆ ಕೇಳಿದಳು. ಮಂದಾ ಅದಕ್ಕೆ ನಿಧಾನವಾಗಿ ಉತ್ತರ ಹೇಳುತ್ತಿದ್ದಳು. ಪೂರ್ತಿ ಕೇಳುವ ಆಸೆಯಿತ್ತು. ಆದರೆ ಅವಳು ಕಿಟಕಿಯತ್ತ ತಿರುಗಿದರೆ ನಾನು ಇನ್ನೂ ಕೂತಿರುವುದು ಕಾಣುತ್ತಿತ್ತು. ಎದ್ದು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ.